ಪಿಟೀಲಿಲ್ಲದ ಸಾವು

ರಾತ್ರಿ ಮತ್ತೆ 'ತಿಥಿ' ಸಿನಿಮಾ ಹಾಕ್ಕೊಂಡು ಕೂತೆ. 101 ವರ್ಷದ ಸೆಂಚುರಿ ಗೌಡ ದಾರೀಲಿ ಹೋಗೋರನ್ನೆಲ್ಲ ಬೈದು, ಎದ್ದು ಗೋಡೆ ಪಕ್ಕಕ್ಕೆ ಹೋಗಿ, ಅಲ್ಲೇ ದೊಪ್ಪಂತ ಬೀಳ್ತಾನೆ. ಪಿಟೀಲಿಲ್ಲ, ಸ್ಲೋ ಮೋಷನ್ನಿಲ್ಲ. ಮಗ ಗಡ್ಡಪ್ಪನಿಗಂತೂ ತನ್ನ ನಡಿಗೆ, ತನ್ನ ಬ್ರಾಂದಿ, ಅಷ್ಟೇ. ನಟಿಸಿದ್ದು ಮಂಡ್ಯ ಕಡೆಯ ಹಳ್ಳಿ ಜನ; 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲೂ ಗೆದ್ದು ಬಂತು. ಗಡ್ಡಪ್ಪನ ಮೊಮ್ಮಗ ಅಭಿಯ ಪ್ರೇಮದ ಭಾಗ ಮಾತ್ರ ನಂಗೆ ಅಷ್ಟು ಹಿಡಿಸ್ಲಿಲ್ಲ.

ಅದೇ ಹೊತ್ತಿಗೆ ಹಾಲ್‌ನಲ್ಲಿ ಅಮ್ಮನ ಧಾರಾವಾಹಿ. ಸೊಸೆ 'ಕಾಫಿ ಬೇಡ' ಅಂದಿದ್ದಕ್ಕೆ ಮನೆಮಂದಿಯ ಮುಖಕ್ಕೆಲ್ಲ ತಲಾ ಮೂರು ಝೂಮ್, ಜೊತೆಗೆ ಗುಡುಗು! ಆದ್ರೂ ಆ ಅತ್ತೆ ಪಾತ್ರದವರು, ನಿಜ ಹೇಳ್ಬೇಕಂದ್ರೆ, ಬರೀ ಹುಬ್ಬಲ್ಲೇ ಸೀನ್ ಹೊಡೀತಾರೆ. ಇವತ್ತೂ ನೋಡ್ತೀನೇನೋ.