ಕಾಂಟೆಸ್ಸಾ ಎಸಿ ಡಕ್ಟ್: ಎಡಗಡೆಯದು ಕೂತಿತು, ಡಿಮಿಸ್ಟರ್ ಇನ್ನೂ ಬಾಕಿ

ಹಳೇ ಕಾರಿನ ಎಸಿ ತಣ್ಣಗಾಗುತ್ತಿಲ್ಲ ಅಂದರೆ ಮೊದಲು ಗ್ಯಾಸ್ ತುಂಬಿಸುತ್ತಾರೆ, ಆಮೇಲೆ ಕಂಪ್ರೆಸರ್ ಬದಲಿಸುತ್ತಾರೆ. ಡಕ್ಟ್, ಅಂದರೆ ಗಾಳಿ ಸಾಗುವ ಕೊಳವೆ, ಬಿಚ್ಚಿ ನೋಡುವವರು ಕಡಿಮೆ. ಹಿಂದೂಸ್ತಾನ್ ಮೋಟರ್ಸಿನ ಈ ಕಾಂಟೆಸ್ಸಾ ಕಾರಿನಲ್ಲಿ ಕೂಲಿಂಗ್ ಕಾಯಿಲ್ ಬಾಯಲ್ಲಿ 6 ಡಿಗ್ರಿ ಇದ್ದ ಗಾಳಿ ಎಡ ತುದಿಯ ಜಾಲರಿಗೆ ಬರುವಷ್ಟರಲ್ಲಿ 15 ಡಿಗ್ರಿ ಆಗುತ್ತಿತ್ತು. ಸಂದುಗಳಲ್ಲಿ ಸೋರಿ ಗಾಳಿ ಕಡಿಮೆಯಾಗುತ್ತದೆ. ಹಾಗೆ ಉಳಿದ ಗಾಳಿ ಬಿಸಿ ಡ್ಯಾಶ್‌ಬೋರ್ಡಿನ ಹಿಂದೆ ನಿಧಾನವಾಗಿ ಹೋಗುತ್ತಾ ಇನ್ನಷ್ಟು ಕಾಯುತ್ತದೆ. ಗ್ಯಾಸ್ ಎಷ್ಟು ತುಂಬಿಸಿದರೂ ಇದು ಸರಿಹೋಗುವುದಿಲ್ಲ.

ಬಿಚ್ಚಿದಾಗ ಕಂಡದ್ದು: ಎಡಗಡೆಯ ಮೂಲ ಡಕ್ಟ್ ಮೂರು ತುಂಡಾಗಿತ್ತು. ಹಿಂದೆ ಯಾವುದೋ ಗ್ಯಾರೇಜಿನವರು ಅದನ್ನು ಮೂಲೆಗೆ ತಳ್ಳಿ, ಬದಲಿಗೆ 50 ಮಿ.ಮೀ. ಸುಕ್ಕು ಪೈಪು ತುರುಕಿದ್ದರು. ಮೂಲ ದಾರಿಯ ವ್ಯಾಸ 63 ಮಿ.ಮೀ. ಇತ್ತು. ವ್ಯಾಸದ ಲೆಕ್ಕ ಬಿಡಿ, ಗಾಳಿ ಹೋಗುವುದು ಬಾಯಿಯ ವಿಸ್ತೀರ್ಣದಲ್ಲಿ: 31 ಚದರ ಸೆಂ.ಮೀ. ಇದ್ದದ್ದು 20ಕ್ಕಿಂತ ಕೆಳಗೆ ಇಳಿದಿದೆ. ಮೂರರಲ್ಲಿ ಒಂದು ಪಾಲು ದಾರಿಯೇ ಮುಚ್ಚಿದ ಹಾಗೆ, ಸುಕ್ಕುಗಳ ತಡೆ ಬೇರೆ. ಕಾಂಟೆಸ್ಸಾ ತಯಾರಿಕೆ ನಿಂತಿದ್ದು 2002ರಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೀಡಿಂಗು (ಗಾಜಿನ ಸುತ್ತಿನ ಪಟ್ಟಿ), ರಬ್ಬರು ಹುಡುಕಿದರೆ ಸಿಕ್ಕೀತು, ಡಕ್ಟ್ ಸಿಗುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಒಂದು ಹಳೇ ಡಕ್ಟೂ ಈ ಗಾಡಿಯದರ ಹಾಗೇ ತಿರುವಿನಲ್ಲಿ ಒಡೆದಿತ್ತು. ಹಾಗಾಗಿ ಹೊಸದಾಗಿ ಫೈಬರಿನಲ್ಲಿ, ಅಂದರೆ ಗಾಜಿನ ನಾರಿಗೆ ರೆಸಿನ್ (ಗಟ್ಟಿಯಾಗುವ ದ್ರವ) ಹಚ್ಚಿ, ಮಾಡಿದ್ದಾಯಿತು.

ಅಚ್ಚಿಗೆ ಥರ್ಮೊಕೋಲ್. ಒಡೆದ ತುಂಡುಗಳನ್ನು ಜೋಡಿಸಿ ಆಕಾರ ಅಂದಾಜು ಮಾಡಬಹುದು, ಆದರೆ ಅಳತೆಯನ್ನು ಗಾಡಿಯಿಂದಲೇ ತೆಗೆಯಬೇಕು. ಮೂವತ್ತು ವರ್ಷ ಬಿಸಿಲು ಕಂಡ ಪ್ಲಾಸ್ಟಿಕ್ ಬಾಗಿರುತ್ತದೆ. ರಟ್ಟು ಕತ್ತರಿಸಿ ಜಾಲರಿಯ ಬಾಯಿಗೆ ಸರಿಯಾಗಿ ಕೂರುವ ಹಾಗೆ, ಬ್ರಾಕೆಟ್, ವೈಪರ್ ಲಿಂಕ್ (ವೈಪರ್ ಅಲುಗಿಸುವ ಸರಳು) ಎರಡಕ್ಕೂ ತಾಗದ ಹಾಗೆ ದಾರಿ ಗುರುತಿಸಿ, ಅದರಂತೆ ಥರ್ಮೊಕೋಲ್ ಕೆತ್ತಿದ್ದು. ಪಾಲಿಯೆಸ್ಟರ್ ರೆಸಿನ್ ನೇರವಾಗಿ ತಾಗಿದರೆ ಥರ್ಮೊಕೋಲ್ ಕರಗಿಹೋಗುತ್ತದೆ, ಅದಕ್ಕೇ ಪೂರ್ತಿ ಪ್ಯಾಕಿಂಗ್ ಟೇಪ್ ಸುತ್ತಿ, ಮೇಲೆ ಎರಡು ಕೈ ವ್ಯಾಕ್ಸ್. ಟೇಪಿನಲ್ಲಿ ಒಂದು ಸಣ್ಣ ಸುಕ್ಕು ಉಳಿದರೂ ಅದು ಡಕ್ಟಿನ ಒಳಮೈಯಲ್ಲಿ ಏಣಾಗಿ ಮೂಡುತ್ತದೆ.

ಉದ್ದ 420 ಮಿ.ಮೀ., ಸುತ್ತಳತೆ ಸರಾಸರಿ 240. ಒಳಗಡೆಗೆ ಒಂದು ಪದರ ಸರ್ಫೇಸ್ ಟಿಶ್ಯೂ (ತೆಳು ಗಾಜಿನ ನಾರಿನ ಹಾಳೆ), ಅದರ ಮೇಲೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಗಾಜಿನ ನಾರಿನ ಮ್ಯಾಟ್ ಎರಡು ಪದರ. ಒಂದರ ಮೇಲೊಂದು ಬರುವ ಅಂಚೂ ಸೇರಿ ಮ್ಯಾಟ್ 80 ಗ್ರಾಂ, ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ 200 ಗ್ರಾಂ. ನೂರು ನೂರು ಗ್ರಾಮಿನ ಎರಡು ಸಲ ಕಲಸಿದರೆ ಕೈಗೆ ಸಮಯ ಸಿಗುತ್ತದೆ. ರೆಸಿನ್ ಗಟ್ಟಿಯಾಗಿಸುವ ಹಾರ್ಡ್‌ನರ್ ನೂರಕ್ಕೆ ಒಂದೂವರೆ ಗ್ರಾಂ, ತಕ್ಕಡಿಯಲ್ಲಿ ತೂಗಿ. ರೆಸಿನ್ ಕೊಳ್ಳುವಾಗ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಸೇರಿಸಿದ್ದನ್ನೇ ಕೇಳಿ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ಯಾವತ್ತೂ ನೇರವಾಗಿ ಒಟ್ಟಿಗೆ ಸುರಿಯಬಾರದು, ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು.

ಮೊದಲ ತುಂಡು ಹಾಳಾಯಿತು, ಕಾರಣ ಎರಡು. ಮಳೆ ಹಿಡಿದ ದಿನ ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಎರಡೂವರೆ ಗ್ರಾಮಿಗೆ ಏರಿಸಿದ್ದು ಒಂದು. ಮೂರೇ ಗಂಟೆಯಲ್ಲಿ ಅಚ್ಚಿನಿಂದ ಬಿಡಿಸಿದ್ದು ಇನ್ನೊಂದು. ಗಟ್ಟಿಯಾದ ಮೇಲೂ ಪಾಲಿಯೆಸ್ಟರ್ ಕುಗ್ಗುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬಾಯಿಯ ಅಂಚು ತಿರುಚಿಕೊಂಡು 4 ಮಿ.ಮೀ. ಸಂದು ಬಿಟ್ಟಿತ್ತು. ಜೊತೆಗೆ ತೇವ ಕುಡಿದ ಮ್ಯಾಟ್ ಅಲ್ಲಲ್ಲಿ ಬೆಳ್ಳಗಾಗಿತ್ತು. ಎರಡನೇ ಸಲ ಮ್ಯಾಟನ್ನು ಬಲ್ಬಿನ ಕೆಳಗೆ ಒಂದು ಗಂಟೆ ಒಣಗಿಸಿ, ಮರುದಿನ ಮಧ್ಯಾಹ್ನದವರೆಗೆ ಅಚ್ಚಿನ ಮೇಲೇ ಬಿಟ್ಟದ್ದರಿಂದ ಅಂಚು ನೇರವಾಗಿ ಬಂತು.

ಪೈಪು ಕೂರುವ ಬಾಯಿಗೆ 63 ಮಿ.ಮೀ. ಪಿವಿಸಿ ಪೈಪಿನ ತುಂಡು ಸಲೀಸು ಅನ್ನಿಸುತ್ತದೆ. ಬೇಡ. ಪಾಲಿಯೆಸ್ಟರ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಹೀಟರ್ ಕಡೆಯ ಬಿಸಿಗೆ ಪಿವಿಸಿ ಮೆತ್ತಗೂ ಆಗುತ್ತದೆ. 60 ಮಿ.ಮೀ. ಮರದ ಗುಂಡು ಕಡೆಸಿ, ಅದರ ಮೇಲೆ ಅದೇ ಎರಡು ಪದರ ಸುತ್ತಿದರೆ ಹೊರ ಅಳತೆ 63ಕ್ಕೆ ಬರುತ್ತದೆ.

ಥರ್ಮೊಕೋಲನ್ನು ಚಾಕುವಿನಿಂದ ಬಗೆದು, ಮೂಲೆಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ, ಟೇಪ್ ಎಳೆದು ತೆಗೆದ ಮೇಲಿನ ಕೆಲಸವನ್ನು ಯಾರೂ ಬಿಡಬಾರದು. ಒಳಮೈಯಲ್ಲಿ ಒಂದು ಎಳೆ ಗಾಜಿನ ನಾರು ಸಡಿಲವಿದ್ದರೂ ಬ್ಲೋವರ್ ಹಾಕಿದ ಕೂಡಲೇ ಅದು ಕೂತವರ ಕಣ್ಣಿಗೇ ಬರುತ್ತದೆ. ಬೆರಳಿಗೆ ಹಳೇ ನೈಲಾನ್ ಕಾಲುಚೀಲ ಸುತ್ತಿ ಒಳಗೆಲ್ಲ ಸವರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಿಕ್ಕಿ ಮತ್ತೊಂದು ಕೈ ರೆಸಿನ್ ಹಚ್ಚಿ, ಸೋಪು ನೀರಲ್ಲಿ ತೊಳೆಯಿರಿ. ರೆಸಿನ್ ವಾಸನೆ ಹೋಗಲು ಕಪ್ಪು ಶೀಟಿನ ಕೆಳಗೆ ಮೂರು ನಾಲ್ಕು ದಿನ ತಾರಸಿಯ ಬಿಸಿಲು ಬೇಕು.

ಮಧ್ಯದ ಡಕ್ಟ್ ಬರೀ ಬಿರುಕು ಬಿಟ್ಟಿತ್ತು. ಕಾಣದ ಮೂಲೆಗೆ ಒಂದು ತೊಟ್ಟು ಅಸಿಟೋನ್ ಹಚ್ಚಿದಾಗ ಅಂಟಂಟಾಯಿತು, ಅಂದರೆ ಎಬಿಎಸ್ ಎಂಬ ಪ್ಲಾಸ್ಟಿಕ್. ಅಂಟದಿದ್ದರೆ ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ ಇರಬಹುದು, ಅದಕ್ಕೆ ಈ ವಿಧಾನ ನಡೆಯುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಆಗಬೇಕು. ಬಿರುಕಿನ ತುದಿಗೆ 2 ಮಿ.ಮೀ. ತೂತು ಕೊರೆದು, ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ರಾತ್ರಿಯಿಡೀ ನೆನೆಸಿ, ದೋಸೆ ಹಿಟ್ಟಿನ ಹದಕ್ಕೆ ಬಂದದ್ದನ್ನು ತೆಳ್ಳಗೆ ಮೂರು ಸಲ ಹಚ್ಚಿದ್ದು. ಒಂದೇ ಸಲ ದಪ್ಪಗೆ ಮೆತ್ತಿದರೆ ಒಳಗೆ ಗುಳ್ಳೆ ಉಳಿಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ.

ಜಾಲರಿಯಿಂದ ಕಪ್ಪು ಪುಡಿ ಉದುರುತ್ತಿದ್ದದ್ದು ಗಾಳಿಯ ದಾರಿ ತೆರೆದು ಮುಚ್ಚುವ ಫ್ಲ್ಯಾಪಿನ ಹಳೇ ಸ್ಪಂಜು. ತೇವಕ್ಕೆ ಅದು ಪುಡಿಯಾಗುವುದೇ ಹಾಗೆ. ಈಗ 3 ಮಿ.ಮೀ. ಕ್ಲೋಸ್ಡ್ ಸೆಲ್ ರಬ್ಬರ್ ಹಾಳೆ ಅಂಟಿಸಿದೆ. 5 ಮಿ.ಮೀ. ಹಾಕಿದಾಗ ಫ್ಲ್ಯಾಪ್ ಪೂರ್ತಿ ಮುಚ್ಚದೆ ಕೇಬಲ್ ಬಾಗಿತು. ಎಡ ಡಕ್ಟಿನ ಹೊರಗೆ 6 ಮಿ.ಮೀ. ನೈಟ್ರೈಲ್ ಫೋಮ್ ಸುತ್ತಿದೆ, ಇಲ್ಲದಿದ್ದರೆ ಮಳೆಗಾಲದಲ್ಲಿ ಡಕ್ಟ್ ಬೆವರಿ ಕೆಳಗಿನ ವೈರಿಂಗ್ ಮೇಲೆ ತೊಟ್ಟಿಕ್ಕುತ್ತದೆ.

ಪರೀಕ್ಷೆಗೆ ಊದುಬತ್ತಿ ಸಾಕು. ಬ್ಲೋವರ್ ಒಂದನೇ ಸ್ಪೀಡಿನಲ್ಲಿಟ್ಟು ಪ್ರತಿ ಸಂದಿನ ಬಳಿ ಹಿಡಿದರೆ, ಹೊಗೆ ಅಲುಗಿದಲ್ಲಿ ಸೋರಿಕೆ. ಒಂದೇ ಕಡೆ, ಮಧ್ಯದ ಡಕ್ಟ್ ಎಡದ್ದಕ್ಕೆ ಸೇರುವಲ್ಲಿ, ಹೊಗೆ ಓಡಿತು. ಫೋಮ್ ಪಟ್ಟಿ ಎರಡು ಸುತ್ತು ಹಾಕಿದ ಮೇಲೆ ನಿಂತಿತು. 60 ಲೀಟರಿನ ಕಸದ ಚೀಲ ಜಾಲರಿಗೆ ಕಟ್ಟಿ ಫುಲ್ ಸ್ಪೀಡಿನಲ್ಲಿ ನೋಡಿದರೆ ಮೊದಲು ಎಡಗಡೆ 9 ಸೆಕೆಂಡಿಗೆ ತುಂಬುತ್ತಿತ್ತು, ಈಗ ಐದೂವರೆ. ಬಲಗಡೆ ಐದು.

ಉಳಿದದ್ದು ಡಿಮಿಸ್ಟರ್, ಅಂದರೆ ಮುಂದಿನ ಗಾಜಿಗೆ ಬಿಸಿ ಗಾಳಿ ಊದುವ ಡಕ್ಟ್. ಬೆಂಗಳೂರಿನಲ್ಲಿ ಹೀಟರ್ ಬೇಕಾಗುವುದು ಚಳಿಗಲ್ಲ, ಮಳೆಯಲ್ಲಿ ಗಾಜು ಮಂಜಾದಾಗ. ಆ ಒತ್ತುರಟ್ಟಿನ ಡಕ್ಟ್ ನೀರು ಕುಡಿದು ಹಪ್ಪಳದಂತೆ ಉಬ್ಬಿದೆ. ನೀರು ಇಳಿಯುತ್ತಿರುವುದು ಮುಂದಿನ ಗಾಜಿನ ಬೀಡಿಂಗ್ ಕೆಳಗಿಂದ. ಅದನ್ನು ಬದಲಿಸದೆ ಹೊಸ ಡಕ್ಟ್ ಹಾಕಿದರೂ ಇದೇ ಗತಿ, ಹಾಗಾಗಿ ಗಾಜು ಬಿಚ್ಚುವುದು ಮುಂದಿನ ಕೆಲಸ.