ಎನ್‌ಎಸ್‌ಎಕ್ಸ್ ಅಷ್ಟು ಒಳ್ಳೆಯ ಕಾರಾಗಿದ್ದರೆ ಜನ ಕೊಳ್ಳೋದು ನಿಲ್ಲಿಸಿದ್ದು ಯಾಕೆ?

ನನಗೆ ಹಳೇ ಸ್ಪೋರ್ಟ್ಸ್ ಕಾರುಗಳ ಹುಚ್ಚು ಅಂತ ಗೊತ್ತಾದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೋಂಡಾ ಎನ್‌ಎಸ್‌ಎಕ್ಸ್‌ನ ಎಲ್ಲರೂ ಹೊಗಳುತ್ತಾರೆ, ಆದರೂ ಕೊನೆಕೊನೆಗೆ ಅದನ್ನು ಕೇಳುವವರೇ ಇರಲಿಲ್ಲವಂತೆ, ಕಾರು ಕೆಟ್ಟುಹೋಯಿತಾ?

ಕೆಡಲಿಲ್ಲ. 1990ರಲ್ಲಿ ಬಂದಾಗ ಹೇಗಿತ್ತೋ 2005ರಲ್ಲಿ ನಿಲ್ಲಿಸಿದಾಗಲೂ ಹೆಚ್ಚುಕಮ್ಮಿ ಹಾಗೇ ಇತ್ತು, ತೊಂದರೆ ಇದ್ದದ್ದೇ ಅಲ್ಲಿ.

ಶುರುವಿನಲ್ಲಿ ಅದು ನಿಜಕ್ಕೂ ಬೆರಗು ಹುಟ್ಟಿಸಿದ ಕಾರು. ಇಡೀ ಬಾಡಿ ಅಲ್ಯೂಮಿನಿಯಂ, ಸೀಟಿನ ಹಿಂದೆ ಆರು ಸಿಲಿಂಡರಿನ, ಮೂರು ಲೀಟರಿನ ವಿ6 ಎಂಜಿನ್. ಇನ್ನೂ ತಯಾರಾಗುತ್ತಿದ್ದಾಗಲೇ ಫಾರ್ಮುಲಾ ಒನ್ ರೇಸರ್ ಐರ್ಟನ್ ಸೆನ್ನಾ ಜಪಾನಿನ ಸುಜುಕಾ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ನೋಡಿ ಬಾಡಿ ಗಟ್ಟಿ ಸಾಲದು ಅಂದರು, ಹೋಂಡಾದವರು ಮತ್ತೆ ಕೂತು ಗಟ್ಟಿ ಮಾಡಿದರು. ಮೇಲಾಗಿ ದಿನಾ ಆಫೀಸಿಗೂ ತೊಗೊಂಡು ಹೋಗಬಹುದಿತ್ತು. ಆ ಕಾಲದ ಫೆರಾರಿ 348 ಇದರ ಮುಂದೆ ಸಪ್ಪೆ ಅನ್ನಿಸಿತು.

ಆದರೆ ಫೆರಾರಿ ಸುಮ್ನೆ ಕೂರಲಿಲ್ಲ. ಒಂದಾದ ಮೇಲೊಂದು ಹೊಸ ಮಾಡೆಲ್ ತಂದಿತು: 1994ರಲ್ಲಿ 355, 1999ರಲ್ಲಿ 360, 2004ರಲ್ಲಿ ಎಫ್430. ಎನ್‌ಎಸ್‌ಎಕ್ಸ್‌ಗೆ 1997ರಲ್ಲಿ 3.2 ಲೀಟರ್ ಎಂಜಿನ್ನು, ಆರು ಗೇರು ಬಂತು, 2002ರಲ್ಲಿ ಮೇಲೇಳುವ ಹೆಡ್‌ಲೈಟ್ ತೆಗೆದರು (ನನಗೆ ಹಳೇದೇ ಚಂದ). ಅಮೆರಿಕದಲ್ಲಿ 270 ಇದ್ದ ಹಾರ್ಸ್‌ಪವರ್ 290ಕ್ಕೆ ಬಂದು ನಿಂತಿತು. ಅದೇ 1997ರಲ್ಲಿ ಬಂದ ಅಮೆರಿಕದ ಸ್ಪೋರ್ಟ್ಸ್ ಕಾರು, ಹೊಸ ಕಾರ್ವೆಟ್, 345 ಕೊಡುತ್ತಿತ್ತು, ಅದೂ ಅರ್ಧಕ್ಕಿಂತ ಕಡಿಮೆ ಬೆಲೆಗೆ! ಎನ್‌ಎಸ್‌ಎಕ್ಸ್ ಬೆಲೆ ಮಾತ್ರ ಸುಮಾರು 60 ಸಾವಿರ ಡಾಲರಿನಿಂದ 90 ಸಾವಿರದ ಹತ್ತಿರ ಹೋಗಿತ್ತು.

ಇದೆಲ್ಲ ಎಲ್ಲರೂ ಹೇಳುವ ಕಾರಣ. ನನ್ನ ಪ್ರಕಾರ ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಎರಡೇ ಸೀಟಿನ, ಇಷ್ಟು ದುಬಾರಿ ಕಾರು ಬೇಕು ಅನ್ನುವವರು ಇರುವುದೇ ಸ್ವಲ್ಪ ಜನ, ಅವರು ಮೊದಲ ಎರಡು ಮೂರು ವರ್ಷದಲ್ಲೇ ತೊಗೊಂಡುಬಿಡುತ್ತಾರೆ. ಆಮೇಲೆ ಬರುವವನ ಮುಂದೆ ಹೊಸದೂ ಇದೆ, ಸೆಕೆಂಡ್ ಹ್ಯಾಂಡೂ ಇದೆ. 1991ರ ಕಾರಿನ ಪಕ್ಕ 2001ರದ್ದು ನಿಲ್ಲಿಸಿದರೆ ಯಾವುದು ಹೊಸದು ಅಂತ ದಾರಿಯಲ್ಲಿ ಹೋಗುವವರಿಗೆ ಗೊತ್ತೇ ಆಗಲ್ಲ, ಅಲ್ವಾ? ಹಾಗಿದ್ದ ಮೇಲೆ ಶೋರೂಮಿನಲ್ಲಿ ಅಷ್ಟು ದುಡ್ಡು ಸುರಿಯೋದು ಯಾಕೆ? ಹೋಂಡಾ ಕಾರು, ಎಂಜಿನ್ ಬೇಗ ಕೈಕೊಡಲ್ಲ ಅನ್ನುವ ನಂಬಿಕೆ ಬೇರೆ. ಹೀಗಾಗಿ ಹೋಂಡಾ ತನ್ನದೇ ಹಳೇ ಕಾರುಗಳ ಜೊತೆ ಪೈಪೋಟಿಗೆ ಬಿದ್ದಿತ್ತು. ಆಕಾರ ಬದಲಿಸಿದ್ದರೆ ಹಳೇದು ಹಳೇದಾಗಿ ಕಾಣುತ್ತಿತ್ತು, ಇರುವವರೂ ಕೊಟ್ಟು ಹೊಸದು ತೊಗೋತಿದ್ದರು.

ಹಾಗಾದರೆ ಈಗ ಅದಕ್ಕೆ ಅಷ್ಟೊಂದು ಬೆಲೆ ಯಾಕೆ ಅಂತ ಮುಂದಿನ ಪ್ರಶ್ನೆ ಬರುತ್ತೆ. ಚಿಕ್ಕವರಿದ್ದಾಗ ಗೋಡೆಗೆ ಅದರ ಪೋಸ್ಟರ್ ಅಂಟಿಸಿಕೊಂಡಿದ್ದ ಹುಡುಗರ ಕೈಯಲ್ಲಿ ಈಗ ದುಡ್ಡಿದೆ. ಕಡಿಮೆ ಓಡಿದ, ಚೆನ್ನಾಗಿ ಇಟ್ಟುಕೊಂಡ ಕಾರು ಹೊಸದಿದ್ದಾಗಿನ ಬೆಲೆಗಿಂತ ಜಾಸ್ತಿಗೇ ಹೋಗುತ್ತಿದೆ. ಆ ದುಡ್ಡಲ್ಲಿ ಹೋಂಡಾಗೆ ಮಾತ್ರ ಒಂದು ಪೈಸೆಯೂ ಸಿಗಲ್ಲ.