ಡ್ರಾಯಿಂಗ್ ಕ್ಲಾಸಿಗೆ ಕಿಟಕಿ ಎಷ್ಟಿದೆ?

ಮಗುವನ್ನು ಕ್ಲಾಸಿಗೆ ಸೇರಿಸೋಕೆ ಬರುವ ಅಪ್ಪ ಅಮ್ಮ ಎಲ್ಲಾ ಕೇಳುತ್ತಾರೆ. ಫೀಸು ಎಷ್ಟು, ಪರೀಕ್ಷೆಗೆ ಕೂರಿಸ್ತೀರಾ, ಸ್ಪರ್ಧೆಗೆ ಕಳಿಸ್ತೀರಾ. ರೂಮಿಗೆ ಕಿಟಕಿ ಎಷ್ಟಿದೆ ಅಂತ ಮಾತ್ರ ಯಾರೂ ಕೇಳಿಲ್ಲ. ನಮ್ಮ ಚಿಕ್ಕಮಗಳೂರಲ್ಲಿ ಮೊದಲು ಕೇಳಬೇಕಾದ್ದೇ ಅದು. ಜೂನ್ ಬಂತು ಅಂದರೆ ಇರಚಲು ಹೊಡೆಯುತ್ತದೆ ಅಂತ ಎಲ್ಲ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಹಾಕಿ, ಮಕ್ಕಳು ಚಾಪೆ ಮೇಲೆ ಕೂತು ಬಣ್ಣ ಹಚ್ಚುತ್ತಿರುತ್ತಾರೆ, ಅದೇ ರೂಮಿನ ಮೂಲೆಯಲ್ಲಿ ದೊಡ್ಡ ಹುಡುಗರ ಆಯಿಲ್ ಪೇಂಟಿಂಗ್ ನಡೆದಿರುತ್ತದೆ, ಪಕ್ಕದಲ್ಲಿ ಆಯಿಲ್ ಬಣ್ಣ ತೆಳು ಮಾಡೋಕೆ, ಬ್ರಷ್ ತೊಳೆಯೋಕೆ ಇಟ್ಟ ಟರ್ಪೆಂಟೈನ್ ಲೋಟ, ಮುಚ್ಚಳ ಇಲ್ಲದ್ದು.

ಟರ್ಪೆಂಟೈನ್ ಆವಿ ಗಾಳಿಗಿಂತ ಭಾರ. ಕೆಳಗೇ ಇಳಿಯುತ್ತದೆ. ಕೆಳಗೆ ಕೂತಿರೋರು ಯಾರು? ತಲೆನೋವು, ತಲೆಸುತ್ತು ಅಂತ ಮಗು ಹೇಳಿದರೆ ಬೆಳಿಗ್ಗೆ ತಿಂಡಿ ತಿಂದಿಲ್ಲ ಬಿಡಿ ಅಂದುಬಿಡುತ್ತೇವೆ. ವಾಸನೆ ಇಲ್ಲದ ಥಿನ್ನರ್ ತಂದಿದ್ದೀವಿ ಅನ್ನೋರೂ ಇದ್ದಾರೆ. ವಾಸನೆ ಇಲ್ಲ ಅಷ್ಟೇ, ಆವಿ ಇದ್ದೇ ಇರುತ್ತದೆ. ನನ್ನ ಕ್ಲಾಸಿನಲ್ಲಿ ಚಿಕ್ಕವರಿಗೆ ಪೋಸ್ಟರ್ ಕಲರ್, ಅಕ್ರಿಲಿಕ್ ಅಷ್ಟೇ. ದೊಡ್ಡವರು ಆಯಿಲ್ ಬ್ರಷ್ ತೊಳೆಯೋಕೆ ಅಡುಗೆ ಎಣ್ಣೆ ಬಳಸುತ್ತಾರೆ, ಆಮೇಲೆ ಸೋಪು ನೀರು. ಸ್ವಲ್ಪ ನಿಧಾನ, ಆದರೆ ಬ್ರಷ್ ಚೆನ್ನಾಗೇ ಶುದ್ಧವಾಗುತ್ತದೆ.

ಇನ್ನೊಂದು ಅಭ್ಯಾಸ ನೋಡಿದರೆ ನನಗೆ ಮೈ ಉರಿಯುತ್ತದೆ. ಪೇಂಟ್ ಅಂಗಡಿಯಿಂದ ಥಿನ್ನರನ್ನು ನೀರಿನ ಬಾಟಲಿಗೆ ಹಾಕಿಸಿಕೊಂಡು ಬರೋದು. ಮೇಲೆ ಮಿನರಲ್ ವಾಟರ್ ಲೇಬಲ್ ಹಾಗೇ ಇರುತ್ತದೆ. ಬಾಯಾರಿದ ಮಗು ಏನು ಮಾಡುತ್ತದೆ ಹೇಳಿ. ಅಪ್ಪಿತಪ್ಪಿ ಯಾರಾದರೂ ಕುಡಿದರೆ ವಾಂತಿ ಮಾಡಿಸೋಕೆ ಹೋಗಬೇಡಿ. ವಾಂತಿ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಆ ಬಾಟಲಿಯನ್ನೂ ಜೊತೆಗೆ ತಗೊಂಡು ನೇರ ಆಸ್ಪತ್ರೆಗೆ ಓಡಿ.

ಆಯಿಲ್ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ ಅಂದರೆ ಮಕ್ಕಳು ನಗುತ್ತಾರೆ, ಬೆಂಕಿಕಡ್ಡಿ ಬೇಡ್ವಾ ಮಿಸ್ ಅಂತ. ಬೇಡ. ಆ ಎಣ್ಣೆ ಒಣಗೋದೇ ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ, ಹಾಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿಟ್ಟರೆ ಆ ಬಿಸಿ ಹಾರಿಹೋಗುತ್ತದೆ. ಮುದ್ದೆ ಮಾಡಿ ಬಕೆಟ್ಟಿಗೆ ಎಸೆದರೆ ಒಳಗೇ ಉಳಿದು ಏರುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಹೊರಗೆ ಹರಡೋಕೆ ಜಾಗ ಎಲ್ಲಿ? ಹಾಗಾಗಿ ನಾವು ಮುಚ್ಚಳ ಇರುವ ತಗಡಿನ ಡಬ್ಬಿಗೆ ನೀರು ತುಂಬಿ ಅದರಲ್ಲಿ ಮುಳುಗಿಸಿಡುತ್ತೇವೆ.

ರೀಲ್ಸ್ ನೋಡಿಕೊಂಡು ಬಂದು 'ಮಿಸ್, ನಮ್ಮ ಕೈ ಅಚ್ಚು ತೆಗೆಯೋಣ' ಅನ್ನೋದು ಈಗಿನ ಹೊಸ ಹುಚ್ಚು. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತಾನೇ, ಗಣಪತಿ ಮಾಡೋ ಪುಡಿ, ಏನಾಗುತ್ತೆ ಅಂತ ದೊಡ್ಡವರೂ ಅಂದುಕೊಳ್ಳುತ್ತಾರೆ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಒಂದು ಶಾಲೆಯಲ್ಲಿ 16 ವರ್ಷದ ಹುಡುಗಿ ಆರ್ಟ್ ಕ್ಲಾಸಿನಲ್ಲಿ ಹೀಗೇ ಪಿಓಪಿ ಬಕೆಟ್ಟಿನೊಳಗೆ ಎರಡೂ ಕೈ ಇಟ್ಟಳು. ಪಿಓಪಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪಗೆ ಹಾಕಿದರೆ 60 ಡಿಗ್ರಿವರೆಗೂ ಹೋಗಬಹುದು. ಬಿಸಿ ತಾಗಿ ಕೈ ತೆಗೆಯೋಣ ಅನ್ನುವಷ್ಟರಲ್ಲಿ ಅದು ಕಲ್ಲಾಗಿರುತ್ತದೆ. ಆ ಹುಡುಗಿ ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು. 2009ರಲ್ಲಿ ಕೋರ್ಟ್ ದಂಡ ಹಾಕಿದ್ದು ಶಾಲೆಗೆ. ಸರಿಯಾಗೇ ಇದೆ ಅಲ್ವಾ? ಪುಡಿ ತಂದು ಮಕ್ಕಳ ಮುಂದೆ ಇಟ್ಟವರು ಅದು ಏನು ಮಾಡುತ್ತದೆ ಅಂತ ತಿಳಿದಿರಬೇಕು. ಕೈ ಅಚ್ಚು ಬೇಕೇ ಬೇಕು ಅಂದರೆ ಆಲ್ಜಿನೇಟ್ ಸಿಗುತ್ತದೆ, ಹಲ್ಲಿನ ಡಾಕ್ಟರು ಅಚ್ಚು ತೆಗೆಯೋ ಪುಡಿ. ಅದರಲ್ಲಿ ಅಚ್ಚು ತೆಗೆದು, ಕೈ ಹೊರಗೆ ಬಂದಮೇಲೆ ಪಿಓಪಿ ಸುರಿಯಿರಿ.

ಮಣ್ಣಿನ ಕೆಲಸಕ್ಕೂ ಒಂದು ಮಾತು. ಮುಗಿದಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಜೇಡಿಮಣ್ಣಿನ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ, ದಿನಾ ಅದೇ ಗುಡಿಸುವ ಆಯಾಗೆ ಮಕ್ಕಳಿಗಿಂತ ಜಾಸ್ತಿ ತೊಂದರೆ.

ಪೋಷಕರಿಗೂ ಒಂದು ವಿನಂತಿ. ಪಾಟ್ ಪೇಂಟಿಂಗ್ ಇದೆ ಅಂದಕೂಡಲೇ ಅಟ್ಟದ ಮೇಲಿನ ಹಳೇ ಎನಾಮೆಲ್ ಡಬ್ಬಿ ಕಳಿಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಮಕ್ಕಳು ಬ್ರಷ್ ಮೊನೆ ಚೂಪಾಗಲಿ ಅಂತ ಸುಮ್ನೆ ತುಟಿಗೆ ಇಟ್ಟುಕೊಳ್ಳುತ್ತಾರೆ, ನೂರು ಸಲ ಹೇಳಿದರೂ.

ಈ ಮಳೆಗಾಲಕ್ಕೆ ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕು ಅಂತಿದ್ದೇನೆ. ಗೋಡೆ ಕೊರೆಯೋಕೆ ಮನೆ ಓನರ್ ಇನ್ನೂ ಒಪ್ಪಿಲ್ಲ. ಒಪ್ಪೋವರೆಗೂ ಆಯಿಲ್ ಪೇಂಟಿಂಗ್ ವರಾಂಡದಲ್ಲೇ, ಸ್ವೆಟರ್ ಹಾಕಿಕೊಂಡು ಬನ್ನಿ.